ಸೋತ ದಿನವೇ ಮತ್ತೆ ಕಣಕ್ಕೆ

2012ರ ಜುಲೈ 28. ಲಂಡನ್ ಒಲಿಂಪಿಕ್ಸ್‌ನಲ್ಲಿ ಜೂಡೊ ಸ್ಪರ್ಧೆಗಳ ಮೊದಲ ದಿನ. ಪುರುಷರ 60 ಕಿಲೊ ವಿಭಾಗದಲ್ಲಿ ಉಜ್ಬೇಕಿಸ್ತಾನದ ರಿಶೋದ್ ಸೋಬಿರೊವ್ ಚಿನ್ನದ ನಿರೀಕ್ಷೆ ಹೊತ್ತು ಕಣಕ್ಕಿಳಿದಿದ್ದರು. 2010ರಲ್ಲಿ ಟೋಕಿಯೊದಲ್ಲಿ, 2011ರಲ್ಲಿ ಪ್ಯಾರಿಸಿನಲ್ಲಿ ಅವರು ವಿಶ್ವ ಚಾಂಪಿಯನ್ ಪಟ್ಟ ಗೆದ್ದಿದ್ದರು. ಆದರೆ ಅಂದು ಚಿನ್ನ ರಷ್ಯದ ಆರ್ಸೆನ್ ಗಲ್ಸ್ತ್ಯಾನ್ ಅವರ ಪಾಲಾಯಿತು. ಬೆಳ್ಳಿ ಜಪಾನಿನ ಹಿರೋಅಕಿ ಹಿರಾಓಕಾ ಅವರಿಗೆ ದಕ್ಕಿತು. ಪ್ಯಾರಿಸಿನ ಅಂತಿಮ ಪಂದ್ಯದಲ್ಲಿ ಸೋಬಿರೊವ್ ಮಣಿಸಿದ್ದುದು ಇದೇ ಹಿರಾಓಕಾ ಅವರನ್ನು. ಲಂಡನ್ನಿನಲ್ಲಿ ಸೋಬಿರೊವ್ ಕೊರಳಿಗೆ ಬಿದ್ದದ್ದು ಕಂಚು.

ಕುಸ್ತಿಯನ್ನು ಬಲ್ಲವರಿಗೆ ಜೂಡೊ ತೀರ ಅಪರಿಚಿತವೆನಿಸದು. ಕುಸ್ತಿಯ ಪೈಲವಾನ ಲಂಗೋಟಿ ಬಿಗಿದು ಬರಿಮೈಯಲ್ಲಿ ಕೆಮ್ಮಣ್ಣಿಗೆ ಇಳಿದರೆ, ಜೂಡೊಪಟು ದಪ್ಪ ಹತ್ತಿಬಟ್ಟೆಯ ಅಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ ಮೆತ್ತನೆಯ ಹಾಸಿನ ಮೇಲೆ ನಿಲ್ಲುತ್ತಾನೆ. ಎದುರಾಳಿಯ ಕೊರಳಪಟ್ಟಿ, ತೋಳುಗಳನ್ನು ಹಿಡಿದೇ ಪಟ್ಟು ಹಾಕಬೇಕು. ಬಲ, ವೇಗ, ಹತೋಟಿ ಮೂರೂ ಕೂಡಿ ಎದುರಾಳಿಯ ಬೆನ್ನು ನೆಲಕ್ಕೆ ಅಪ್ಪಳಿಸುವಂತೆ ಎಸೆದರೆ ಅದು ‘ಇಪ್ಪೊನ್’. ಪಂದ್ಯ ಆ ಕ್ಷಣಕ್ಕೇ ಮುಗಿಯುತ್ತದೆ. 1882ರಲ್ಲಿ ಜಿಗೊರೊ ಕಾನೊ ಜಪಾನಿನಲ್ಲಿ ರೂಪಿಸಿದ ಈ ವಿದ್ಯೆಯಲ್ಲಿ ಹೊಸ ವಿದ್ಯಾರ್ಥಿಗೆ ಮೊದಲು ಕಲಿಸುವುದು ಎಸೆಯುವುದನ್ನಲ್ಲ, ಪೆಟ್ಟಾಗದಂತೆ ಬೀಳುವುದನ್ನು.

ಉಜ್ಬೇಕರಿಗೆ ತಮ್ಮದೇ ಆದ ‘ಕುರಾಶ್’ ಎಂಬ ಪುರಾತನ ಮಲ್ಲಕಲೆಯಿದೆ. ಅಲ್ಲಿಯೂ ಅಂಗಿ ಹಿಡಿದು ಎಸೆಯುವುದೇ ಮುಖ್ಯ. ನೆಲದ ಮೇಲಿನ ಸೆಣಸಾಟಕ್ಕೆ ಎಡೆಯಿಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಸೇರಿದಾಗ ಮಹಿಳೆಯರ 52 ಕಿಲೊ ವಿಭಾಗದ ಚಿನ್ನ ಉಜ್ಬೇಕಿಸ್ತಾನಕ್ಕೇ ಹೋಯಿತು. ಅದೇ ವಿಭಾಗದಲ್ಲಿ ಭಾರತದ ಪಿಂಕಿ ಬಲ್ಹಾರಾ ಬೆಳ್ಳಿಯನ್ನೂ ಬೆಳಗಾವಿಯ ಮಲಪ್ರಭಾ ಜಾಧವ ಕಂಚನ್ನೂ ಗೆದ್ದರು. ಇಂತಹ ಪರಂಪರೆಯುಳ್ಳ ನಾಡು ಜೂಡೊದಲ್ಲಿ ಮುಂದೆ ಬಂದುದು ಸಹಜವೇ ಆಗಿದೆ. ಸ್ವತಂತ್ರ ಉಜ್ಬೇಕಿಸ್ತಾನ 1996ರಲ್ಲಿ ಮೊದಲ ಬಾರಿಗೆ ಬೇಸಿಗೆ ಒಲಿಂಪಿಕ್ಸ್‌ಗೆ ಹೋದಾಗ, ಜೂಡೊದಲ್ಲಿ ಅರ್ಮೆನ್ ಬಗ್ದಸಾರೊವ್ ಬೆಳ್ಳಿ ತಂದಿದ್ದರು.

ಸೋಬಿರೊವ್ ಹುಟ್ಟಿದ್ದು 1986ರಲ್ಲಿ, ರೇಷ್ಮೆ ಮಾರ್ಗದ ಪ್ರಾಚೀನ ನಗರ ಬುಖಾರಾದಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, 21ರ ವಯಸ್ಸಿನಲ್ಲಿ, ಅವರು ಮೊದಲ ಕಂಚು ಪಡೆದರು. ಎರಡು ವಿಶ್ವ ಪಟ್ಟಗಳ ನಡುವೆ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಅವರದಾಯಿತು. ಆ ಬಳಿಕ ಬಂದದ್ದೇ ಲಂಡನ್ನಿನ ಆ ದಿನ.

ಜೂಡೊದಲ್ಲಿ ಒಂದು ತೂಕದ ವಿಭಾಗದ ಪಂದ್ಯಗಳೆಲ್ಲ ಒಂದೇ ದಿನದಲ್ಲಿ ಮುಗಿಯುತ್ತವೆ. ಈಗಿನ ನಿಯಮದಂತೆ, ಕ್ವಾರ್ಟರ್ ಫೈನಲ್‌ನಲ್ಲಿ ಸೋತವರು ಮರುಅವಕಾಶದ ಪಂದ್ಯ ಆಡುತ್ತಾರೆ. ಅದರಲ್ಲಿ ಗೆದ್ದವರು ಸೆಮಿಫೈನಲ್‌ನಲ್ಲಿ ಸೋತವರೊಡನೆ ಕಂಚಿಗಾಗಿ ಸೆಣಸುತ್ತಾರೆ. ಎರಡು ಪಂದ್ಯಗಳು, ಎರಡು ಕಂಚುಗಳು. ಹೀಗಾಗಿ ಬೆಳ್ಳಿ ಪಡೆದವರು ದಿನದ ಕೊನೆಯ ಪಂದ್ಯವನ್ನು ಸೋತಿರುತ್ತಾರೆ. ಕಂಚು ಪಡೆದವರು ಗೆದ್ದಿರುತ್ತಾರೆ. ಆದರೆ ಆ ಗೆಲುವಿಗೆ ಮೊದಲು ಅವರು ಚಿನ್ನವನ್ನು ಕಳೆದುಕೊಂಡಿರುತ್ತಾರೆ. ನಾಲ್ಕು ವರ್ಷ ಯಾವುದಕ್ಕಾಗಿ ಬೆವರು ಸುರಿಸಿದರೋ ಅದು ಇನ್ನು ಸಿಗದೆಂದು ತಿಳಿದ ಮೇಲೂ, ಅದೇ ದಿನ, ಅದೇ ಅಂಗಿಯ ಪಟ್ಟಿ ಬಿಗಿದುಕೊಂಡು ಮತ್ತೆ ಹಾಸಿನ ಮೇಲೆ ನಿಲ್ಲಬೇಕು. ಅಳುವುದಕ್ಕೂ ಅಲ್ಲಿ ಹೆಚ್ಚು ಹೊತ್ತಿಲ್ಲ.

ಲಂಡನ್ನಿನ ನಂತರ ಸೋಬಿರೊವ್ 66 ಕಿಲೊ ವಿಭಾಗಕ್ಕೆ ಏರಿದರು. ಆರು ಕಿಲೊ ಅಂತರ ಕೇಳುವುದಕ್ಕೆ ಅಲ್ಪ. ಕಣದಲ್ಲಿ ಅದರ ಅರ್ಥ, ಹೆಚ್ಚು ಮೈಕಟ್ಟು, ಹೆಚ್ಚು ಬಲ ಇರುವ ಹೊಸ ಎದುರಾಳಿಗಳು. ಎರಡು ಬಾರಿ ಜಗತ್ತನ್ನೇ ಗೆದ್ದವರು ಮತ್ತೆ ಹೊಸಬರಾಗಿ ನಿಂತರು. 2015ರಲ್ಲಿ ಅಸ್ತಾನಾದ ವಿಶ್ವ ಸ್ಪರ್ಧೆಯಲ್ಲಿ ಅವರಿಗೆ ಕಂಚು ದೊರೆಯಿತು. ಮರುವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ, 30 ತುಂಬಲು ಒಂದು ತಿಂಗಳಷ್ಟೇ ಇರುವಾಗ, ಇನ್ನೊಂದು ಕಂಚು. ಒಂದರ ಹಿಂದೊಂದು ಮೂರು ಒಲಿಂಪಿಕ್ಸ್, ಮೂರು ಕಂಚು.

ಕಂಚು ಚಿನ್ನಕ್ಕೆ ಸಮವೆಂದು ಹೇಳಿ ಈ ಕಥೆಯನ್ನು ಸಿಹಿಯಾಗಿಸುವುದು ಸರಿಯಲ್ಲ. ಒಲಿಂಪಿಕ್ ಚಿನ್ನ ಸೋಬಿರೊವ್ ಕೈಗೆ ಬರಲಿಲ್ಲ. ದಾಖಲೆಯಲ್ಲಿ ಆ ಜಾಗ ಖಾಲಿಯೇ ಉಳಿದಿದೆ. ಆದರೆ ಮೂರನೆಯ ಸ್ಥಾನವೆಂಬ ಒಂದೇ ಮಾತು ಆ ಮೂರು ದಿನಗಳಲ್ಲಿ ನಡೆದುದನ್ನು ಪೂರ್ತಿ ಹೇಳಲಾರದು. ಫಲಿತಾಂಶದ ದಿನ ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ತಲೆತಗ್ಗಿಸಿ ನಿಂತ ಮಗುವಿನ ಮುಂದೆ ಪಾಲಕರು ನೋಡುವುದು ಅಂಕವನ್ನು. ಮರುದಿನ ಆ ಮಗು ಪುಸ್ತಕ ತೆರೆಯಿತೇ ಎಂಬುದು ಯಾವ ಪಟ್ಟಿಯಲ್ಲಿಯೂ ಬರೆದಿರುವುದಿಲ್ಲ. ಅದನ್ನು ಕಾಣಬಲ್ಲವರು ಮನೆಯವರು ಮಾತ್ರ.

ಮರುಅವಕಾಶವೂ ಎಲ್ಲರಿಗೂ ಸಿಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಹಿಳೆಯರ 52 ಕಿಲೊ ವಿಭಾಗದ ಹಾಲಿ ಚಾಂಪಿಯನ್ ಜಪಾನಿನ ಉತಾ ಅಬೆ ಎರಡನೆಯ ಪಂದ್ಯದಲ್ಲೇ ಇಪ್ಪೊನ್‌ಗೆ ಸೋತರು. ಕ್ವಾರ್ಟರ್ ಫೈನಲ್ ಮುಟ್ಟದ ಕಾರಣ ಕಂಚಿನ ಬಾಗಿಲೂ ಮುಚ್ಚಿತ್ತು. ಕಣದ ಅಂಚಿನಲ್ಲಿ ಅವರು ಬಿಕ್ಕಿಬಿಕ್ಕಿ ಅತ್ತುದನ್ನು ಇಡೀ ಕ್ರೀಡಾಂಗಣ ನೋಡಿತು. ಅವರನ್ನು ಎಸೆದವರು ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೋರೊವಾ. ಅಂತಿಮ ಪಂದ್ಯದಲ್ಲಿ ಅವರು ಕೊಸೊವೊದ ದಿಸ್ಟ್ರಿಯಾ ಕ್ರಾಸ್ನಿಚಿ ಅವರನ್ನೂ ಮಣಿಸಿ, ಜೂಡೊದಲ್ಲಿ ತಮ್ಮ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದರು.

ಅಂದೂ ಜುಲೈ 28. ಲಂಡನ್ನಿನಲ್ಲಿ ಸೋಬಿರೊವ್ ಸೋತು, ಮತ್ತೆ ಎದ್ದು ಕಂಚು ಗೆದ್ದ ದಿನಕ್ಕೆ ಸರಿಯಾಗಿ 12 ವರ್ಷ.