ಉತ್ತರವನ್ನೇ ಬದಲಿಸುವ ಸೆಟ್ಟಿಂಗ್ ಎಲ್ಲಿರಬೇಕು?

ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲೋ ಕೃಷಿ ಸಂಶೋಧನಾ ಕೇಂದ್ರದಲ್ಲೋ ಒಂದೇ ದೊಡ್ಡ ಸರ್ವರಿಗೆ ಹತ್ತಾರು ಜನ ಲಾಗಿನ್ ಆಗಿ ‘ಆರ್’ ತಂತ್ರಾಂಶ ಬಳಸುವುದು ಈಗ ಸಾಮಾನ್ಯ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಹುಟ್ಟುಹಾಕಿದ ಈ ಉಚಿತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು. ಅಂಕಿಅಂಶಗಳ ಲೆಕ್ಕಕ್ಕೆ ಜಗತ್ತಿನಾದ್ಯಂತ ಇದನ್ನು ನಂಬಿದವರಿದ್ದಾರೆ. ಆದರೆ ಆರ್ ತೆರೆದುಕೊಂಡು ನಮ್ಮ ಮೊದಲ ಆಜ್ಞೆಗೆ ಕಾಯುವ ಮುನ್ನವೇ ಕೆಲವು ಫೈಲುಗಳನ್ನು ಓದಿ ಮುಗಿಸಿರುತ್ತದೆ ಎಂಬುದು ಅವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ.

ಓದುವುದಕ್ಕೆ ಒಂದು ಕ್ರಮವಿದೆ. ಮೊದಲಿಗೆ ‘ಆರ್‌ಎನ್ವಿರಾನ್’ ಹೆಸರಿನ ಫೈಲುಗಳು. ಇವುಗಳಲ್ಲಿ ಪ್ರೋಗ್ರಾಮ್ ಇರುವುದಿಲ್ಲ. ಪ್ಯಾಕೇಜುಗಳು ಯಾವ ಫೋಲ್ಡರಿನಲ್ಲಿವೆ ಎಂಬಂಥ ವಿಳಾಸಗಳಿರುತ್ತವೆ, ಅಷ್ಟೆ. ಆಮೇಲೆ ‘ಆರ್‌ಪ್ರೊಫೈಲ್ ಡಾಟ್ ಸೈಟ್’. ಇದು ಆ ಯಂತ್ರ ಬಳಸುವ ಎಲ್ಲರಿಗೂ ಅನ್ವಯಿಸುತ್ತದೆ, ಅಡ್ಮಿನ್ ಮಾತ್ರ ಇದನ್ನು ತಿದ್ದಬಲ್ಲರು. ಕೊನೆಗೆ ಬಳಕೆದಾರರ ಸ್ವಂತದ ‘ಡಾಟ್ ಆರ್‌ಪ್ರೊಫೈಲ್’. ಇಲ್ಲೊಂದು ಸೂಕ್ಷ್ಮವಿದೆ: ಕೆಲಸ ನಡೆಯುತ್ತಿರುವ ಫೋಲ್ಡರಿನಲ್ಲಿ ಈ ಫೈಲ್ ಸಿಕ್ಕಿದರೆ ಆರ್ ಅದನ್ನಷ್ಟೇ ಓದುತ್ತದೆ, ನಮ್ಮ ಹೋಮ್ ಫೋಲ್ಡರಿನಲ್ಲಿರುವುದರ ಕಡೆ ತಿರುಗಿಯೂ ನೋಡುವುದಿಲ್ಲ. ‘ನಿನ್ನೆ ಇದ್ದ ಸೆಟ್ಟಿಂಗ್ ಈ ಪ್ರಾಜೆಕ್ಟಿನಲ್ಲಿ ಯಾಕಿಲ್ಲ’ ಎಂದು ತಲೆಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲರಿಗೂ ಅನ್ವಯಿಸುವ ಆ ಫೈಲಿನಲ್ಲಿ ಏನನ್ನು ಬರೆಯಬಹುದು? ಲೆಕ್ಕದ ಉತ್ತರವನ್ನು ಬದಲಿಸಬಲ್ಲ ಯಾವುದನ್ನೂ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಬರೀ ಶಿಸ್ತಿನ ಮಾತಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ನೋಡಿ.

ರಾಗಿ ಇಳುವರಿಯ ಪಟ್ಟಿಯೊಂದಿದೆ ಎಂದಿಟ್ಟುಕೊಳ್ಳಿ. ಒಂದು ಕಾಲಮ್ಮಿನಲ್ಲಿ 42, 38, 51 ಎಂದಿದ್ದು, ನಾಲ್ಕನೆಯ ಸಾಲಿನಲ್ಲಿ ಯಾರೋ ‘ಇಲ್ಲ’ ಎಂದು ತುಂಬಿದ್ದಾರೆ. ಆ ಒಂದು ಪದದಿಂದಾಗಿ ಆರ್ ಇಡೀ ಕಾಲಮ್ಮನ್ನು ಅಕ್ಷರಗಳೆಂದು ಭಾವಿಸುತ್ತದೆ. ಹಳೆಯ ಆವೃತ್ತಿಗಳು ಅಕ್ಷರಗಳನ್ನು ತಾವಾಗಿಯೇ ವರ್ಗಗಳಾಗಿ ಮಾರ್ಪಡಿಸಿ, ಪ್ರತಿ ವರ್ಗಕ್ಕೂ ಒಳಗೊಳಗೇ ಕ್ರಮಸಂಖ್ಯೆ ಕೊಡುತ್ತಿದ್ದವು. ಅದನ್ನು ಮತ್ತೆ ಸಂಖ್ಯೆಗೆ ತಿರುಗಿಸಿದರೆ ಕೈಗೆ ಬರುವುದು 42, 38, 51 ಅಲ್ಲ. 2, 1, 3. ‘ಇಲ್ಲ’ ಕೂಡ 4 ಆಗಿಬಿಡುತ್ತದೆ. ಎಚ್ಚರಿಕೆಯ ಒಂದು ಸಾಲೂ ಕಾಣಿಸುವುದಿಲ್ಲ. ‘ಸ್ಟ್ರಿಂಗ್ಸ್ ಆ್ಯಸ್ ಫ್ಯಾಕ್ಟರ್ಸ್’ ಎಂಬ ಸೆಟ್ಟಿಂಗನ್ನು ಆಫ್ ಮಾಡಿದ್ದರೆ ಮಾತ್ರ ನಿಜವಾದ ಅಂಕಿಗಳು ಬಂದು, ‘ಇಲ್ಲ’ ಇದ್ದ ಜಾಗ ಖಾಲಿ ಎಂದು ಗುರುತಾಗಿ, ಎಚ್ಚರಿಕೆಯೂ ಮೂಡುತ್ತದೆ.

ಈ ಕಾಟ ಸಾಕಾಗಿ ಹಲವರು ಆ ಸೆಟ್ಟಿಂಗನ್ನು ತಮ್ಮ ಆರಂಭದ ಫೈಲಿನಲ್ಲೇ ಆಫ್ ಮಾಡಿಕೊಳ್ಳುತ್ತಿದ್ದರು. ಅವರ ಮಟ್ಟಿಗೆ ಉತ್ತರ ಸರಿಯಾಯಿತು. ಆದರೆ ಅದೇ ಸ್ಕ್ರಿಪ್ಟನ್ನು ಬೇರೆ ಊರಿನ ಸಹೋದ್ಯೋಗಿಗೆ ಕಳಿಸಿದಾಗ ಸೆಟ್ಟಿಂಗ್ ಜೊತೆಗೆ ಹೋಗಲಿಲ್ಲ, ತಪ್ಪು ಸರಾಸರಿ ಸದ್ದಿಲ್ಲದೆ ಬಂದು ಕೂತಿತು. ಸಂತೆಯ ಸೇರನ್ನು ಒಂದೊಂದು ಅಂಗಡಿಯವರು ಒಂದೊಂದು ಗಾತ್ರಕ್ಕೆ ತಿದ್ದಿಕೊಂಡ ಹಾಗೆ. 2020ರಲ್ಲಿ ಬಂದ 4.0.0 ಆವೃತ್ತಿಯಲ್ಲಿ ಮೂಲದಲ್ಲೇ ಅದನ್ನು ಆಫ್ ಮಾಡಿದರು. ಆದರೂ ಇದರ ಸಂಬಂಧಿಗಳು ಇನ್ನೂ ಇವೆ: ಬಿಟ್ಟುಹೋದ ಮಾಹಿತಿಯನ್ನು ಏನು ಮಾಡಬೇಕು, ಗುಂಪುಗಳನ್ನು ಯಾವ ರೀತಿ ಹೋಲಿಸಬೇಕು ಎಂಬ ಸೆಟ್ಟಿಂಗುಗಳು. ಇವೆಲ್ಲ ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರಲಿ.

ಪ್ಯಾಕೇಜ್ ಎಲ್ಲಿಂದ ಇಳಿಸಿಕೊಳ್ಳಬೇಕು ಎಂಬುದನ್ನು ಅಡ್ಮಿನ್ ಸೈಟ್ ಫೈಲಿನಲ್ಲಿ ಬರೆಯಲಿ, ಅದರಿಂದ ಎಲ್ಲರಿಗೂ ಉಪಕಾರವೇ. ನಿಮಗೊಪ್ಪುವ ಎಡಿಟರ್ ನಿಮ್ಮ ಸ್ವಂತ ಫೈಲಿನಲ್ಲಿರಲಿ.

ಪ್ರಕಟಣೆಗೆ ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ‘ನೋ ಸೈಟ್ ಫೈಲ್’, ‘ನೋ ಇನಿಟ್ ಫೈಲ್’ ಎಂಬ ಎರಡು ಸೂಚನೆಗಳೊಂದಿಗೆ ಆರ್ ತೆರೆದರೆ ಆ ಎರಡೂ ಪ್ರೊಫೈಲುಗಳನ್ನು ಅದು ಓದುವುದಿಲ್ಲ. ಆಗಲೂ ಅದೇ ಉತ್ತರ ಬರಬೇಕು. ‘ವೆನಿಲಾ’ ಎಂಬ ಸೂಚನೆ ಇನ್ನೂ ಕಟ್ಟುನಿಟ್ಟು. ಯಂತ್ರದ ಮತ್ತು ಬಳಕೆದಾರರ ವಿಳಾಸಗಳ ಫೈಲುಗಳನ್ನೂ ಬಿಟ್ಟುಬಿಡುವುದರಿಂದ ಪ್ಯಾಕೇಜುಗಳೇ ಸಿಗದೆ ಹೋಗಬಹುದು. ಅಡ್ಮಿನ್ ಆದವರು ಪ್ಯಾಕೇಜ್ ಫೋಲ್ಡರಿನ ವಿಳಾಸವನ್ನು ಪ್ರೊಫೈಲಿನಲ್ಲಿ ಬರೆಯದೆ ಆರ್‌ಎನ್ವಿರಾನಿನಲ್ಲಿ ಬರೆದಿಟ್ಟರೆ, ಮೊದಲು ಹೇಳಿದ ಪರೀಕ್ಷೆಯನ್ನು ಯಾರು ಬೇಕಾದರೂ ಅಡಚಣೆಯಿಲ್ಲದೆ ಮಾಡಬಹುದು.