ಮಡಿಸುವುದೋ, ಮಡಚುವುದೋ?

‘ಮಡಿಸು’ ಸರಿ, ‘ಮಡಚು’ ತಪ್ಪು ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆದು ನಾನು ಅರ್ಧ ಅಂಕ ಕಳೆದಿದ್ದೆ. “ಟೀಚರ್, ನಮ್ಮಜ್ಜಿ ಚಾಪೆ ಮಡಚು ಅಂತಾರೆ” ಎಂದಳು. ಗದರಿಸಿ ಕೂರಿಸಿದೆ. ಭಾಷಾಶುದ್ಧಿಯ ಗುತ್ತಿಗೆ ಹಿಡಿದವರಿಗೆಲ್ಲ, ನನ್ನನ್ನೂ ಸೇರಿಸಿ, ಫ್ರೆಂಚಿನ ಒಂದು ಕ್ರಿಯಾಪದದ ಕಥೆ ಹೇಳಬೇಕಾಗಿದೆ.

ಮಡಿಸುವುದಕ್ಕೆ ಅವರ ಮಾತು ‘ಪ್ಲಿಯೇ’. ಮೂಲ ಲ್ಯಾಟಿನ್ನಿನ ‘ಪ್ಲಿಕಾರೆ’. ಆದರೆ ಲ್ಯಾಟಿನ್ನಿನಿಂದ ನೆಟ್ಟಗೆ ಇಳಿದು ಬಂದದ್ದು ಪ್ಲಿಯೇ ಅಲ್ಲ, ‘ಪ್ಲ್ವಾಯೇ’. ಪ್ರಾರ್ಥಿಸು ಎಂಬರ್ಥದ ‘ಪ್ರಿಯೇ’ಯಂಥ ಪದಗಳ ಅಚ್ಚಿನಲ್ಲಿ ಜನ ಎರಕ ಹೊಯ್ದುಕೊಂಡದ್ದು ಪ್ಲಿಯೇ. (ಈ ಪ್ರಿಯೇಗೂ ಕಾಳಿದಾಸನ ಪ್ರಿಯೆಗೂ ನೆಂಟಸ್ತಿಕೆಯಿಲ್ಲ, ಸದ್ದು ಕೇಳಿದೊಡನೆ ಸಂಬಂಧ ಹಚ್ಚುವವರು ದಯವಿಟ್ಟು ತಡೆಯಿರಿ.) ಒಂದು ಪದದ ಮಾದರಿಯಲ್ಲಿ ಇನ್ನೊಂದನ್ನು ಮಕ್ಕಳು ಕಟ್ಟಿದರೆ ನಾವು ಅದನ್ನು ತಪ್ಪು ಎನ್ನುತ್ತೇವಲ್ಲ, ಅಂಥದೇ ಹುಟ್ಟು ಇದರದು.

1647ರಲ್ಲಿ ವೊಜ್‌ಲಾ ಎಂಬ ಪಂಡಿತ, ಫ್ರೆಂಚ್ ಅಕಾಡೆಮಿಯ ಮೊದಲ ಸದಸ್ಯರಲ್ಲೊಬ್ಬ, ಎರಡರ ನಡುವೆ ಬೇಲಿ ಹಾಕಿದ: ಮಡಿಸುವುದಕ್ಕೆ ಪ್ಲಿಯೇ, ಬಾಗುವುದಕ್ಕೆ ಪ್ಲ್ವಾಯೇ, ಬೆರಸಕೂಡದು. 1668ರಲ್ಲಿ ಲಾ ಫಾಂತೇನನ ಓಕ್ ಮರ ಮತ್ತು ಜೊಂಡಿನ ಕಥೆ ಅಚ್ಚಾಯಿತು. ಗಾಳಿಗೆ ಬಾಗುವ ಆ ಜೊಂಡು ತನ್ನ ಬಾಗುವಿಕೆಗೆ ಬಳಸುವುದು ಪ್ಲಿಯೇಯನ್ನೇ! ಅದೇ ಅಕಾಡೆಮಿ 1684ರಲ್ಲಿ ಲಾ ಫಾಂತೇನನನ್ನು ಸದಸ್ಯನಾಗಿ ಸೇರಿಸಿಕೊಂಡಿತು. ಇಂದು ಎರಡೂ ಅರ್ಥಕ್ಕೆ ಪ್ಲಿಯೇಯದೇ ಕಾರುಬಾರು. ಪ್ಲ್ವಾಯೇ ಹೆಚ್ಚಾಗಿ ಗ್ರಂಥಸ್ಥ.

ಈ ಜೋಡಿಯ ಜಗಳ ಇಂಗ್ಲಿಷಿಗೂ ದಾಟಿತು, ಅಲ್ಲಿ ಇಬ್ಬರಿಗೂ ಉಣ್ಣಲು ಸಿಕ್ಕಿತು. ಇಂಪ್ಲೈ, ಎಂಪ್ಲಾಯ್ ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಡಿಸ್‌ಪ್ಲೇ, ಡಿಪ್ಲಾಯ್ ಕೂಡ ಹಾಗೆಯೇ. ರಿಪ್ಲೈ, ಅಪ್ಲಿಕೇಷನ್, ಕಾಂಪ್ಲಿಕೇಟೆಡ್ ಎಲ್ಲ ಅದೇ ಮನೆತನ. ಇವನ್ನು ನಾವು ಬೇರೆ ಬೇರೆ ಕಲ್ಲುಗಳಂತೆ ಮಕ್ಕಳ ತಲೆಗೆ ಹೇರಿ ಬಾಯಿಪಾಠ ಮಾಡಿಸುತ್ತೇವೆ. ಡ್ಯೂಪ್ಲಿಕೇಟ್ ಎಂದರೆ ಎರಡು ಮಡಿಕೆ, ನಮ್ಮ ‘ಇಮ್ಮಡಿ’ಯ ಹಾಗೆ ಎಂದು ಒಮ್ಮೆ ಹೇಳಿದ್ದರೆ ಇಮ್ಮಡಿ ಪುಲಕೇಶಿಯನ್ನು ಓದಿದ ಮಗು ಮರೆಯುತ್ತಿತ್ತೆ? ಹಾಗೆಂದು ಲ್ಯಾಟಿನ್ ಕನ್ನಡದಿಂದ ಹುಟ್ಟಿತೆಂದು ರಾಜ್ಯೋತ್ಸವದ ಭಾಷಣ ಬಿಗಿಯಬೇಕಿಲ್ಲ. ಬಟ್ಟೆ ಮಡಿಸುವ ಮನುಷ್ಯರಿಗೆ ಎಲ್ಲೆಡೆ ಇದೇ ಲೆಕ್ಕ ಹೊಳೆದೀತು.

ವ್ಯಾಕರಣ ಬೇಡವೆನ್ನುತ್ತಿಲ್ಲ, ಅದು ನನ್ನ ಅನ್ನ. ಕೆಂಪು ಶಾಯಿಗೆ ಮೊದಲು ನಿಘಂಟು ತೆರೆಯಿರಿ ಎನ್ನುತ್ತೇನೆ. ಆ ಸಂಜೆ ಮನೆಗೆ ಬಂದು ತೆರೆದೆ. ಮಡಿಸು ಇತ್ತು, ಮಡಚೂ ಇತ್ತು. ಅಷ್ಟರಲ್ಲಿ ಅಂಕಪಟ್ಟಿ ಕಚೇರಿಗೆ ಹೋಗಿಯಾಗಿತ್ತು.