ತರಗತಿಯ ಮೌನಕ್ಕೆ ಹೊಣೆ ಯಾರು?

ನಾಲ್ವರು ಕಾಲೇಜು ಅಧ್ಯಾಪಕರು ಎಲ್ಲಿ ಕಲೆತರೂ ಕೇಳಿಬರುವ ದೂರು ಒಂದೇ: ಹುಡುಗರು ಬಾಯಿ ಬಿಡುವುದಿಲ್ಲ. ಪಾಠ ಮುಗಿಸಿ, ಸಂದೇಹಗಳೇನಾದರೂ ಇವೆಯೆ ಎಂದು ವಿಚಾರಿಸಿದರೆ ತಲೆಗಳೆಲ್ಲ ಬೆಂಚಿನತ್ತ ಬಾಗುತ್ತವೆ. ಈ ಮೌನಕ್ಕೆ ಒಂದು ಕಾಲದಲ್ಲಿ ಸಿನಿಮಾ ಕಾರಣವಾಗಿತ್ತು, ಆಮೇಲೆ ದೂರದರ್ಶನ, ಈಗ ಮೊಬೈಲು. ಮುಂಬಯಿಯಲ್ಲಿ ಮೂರು ದಶಕಗಳ ಕಾಲ ಅರ್ಥಶಾಸ್ತ್ರ ಬೋಧಿಸಿದ ನಾನೂ ಈ ದೂರನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಅದನ್ನು ಹಿಂದಕ್ಕೆ ಪಡೆಯುವುದಕ್ಕಾಗಿಯೇ ಈ ಲೇಖನ. ವಿದ್ಯಾರ್ಥಿಯನ್ನು ಮೂಕನನ್ನಾಗಿಸುವ ಏರ್ಪಾಡನ್ನು ನಾವು ಉಳಿಸಿಕೊಂಡು ಬಂದಿದ್ದೇವೆ. ಅದರಿಂದ ನಮಗೆ ಅನುಕೂಲವೂ ಆಗಿದೆ.

ಬೆಳಗಿನ ಕಾಲೇಜುಗಳು ಮುಂಬಯಿಯ ದುಡಿಯುವ ಹುಡುಗರ ಪಾಲಿಗೆ ದೊಡ್ಡ ಆಸರೆ. ಹಾಗೆ ಬರುತ್ತಿದ್ದವರಲ್ಲಿ ಕುಂದಾಪುರದ ಕಡೆಯ ಒಬ್ಬ ಹುಡುಗನಿದ್ದ. ಹನ್ನೊಂದು ಗಂಟೆಯಿಂದ ರಾತ್ರಿಯವರೆಗೆ ಅವನಿಗೆ ಒಂದು ಹೋಟೆಲಿನ ಗಲ್ಲೆಯಲ್ಲಿ ಕೆಲಸ. ಎರಡು ವರ್ಷ ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದವನು ಒಂದು ಸಲವೂ ಮಾತನಾಡಿರಲಿಲ್ಲ. ಒಂದು ದಿನ ಮೆಟ್ಟಿಲಿಳಿಯುವಾಗ ನನ್ನ ಹಿಂದೆಯೇ ಬಂದು ಕನ್ನಡದಲ್ಲಿ ಕೇಳಿದ: "ಸರ್, ನಮ್ಮ ಹೋಟೆಲಿನಲ್ಲಿ ಇಡ್ಲಿಯ ದರ ಈ ವರ್ಷ ಎರಡು ಸಲ ಏರಿತು. ನನ್ನ ಸಂಬಳ ಒಂದು ಸಲವೂ ಏರಲಿಲ್ಲ. ಹಾಗಾದರೆ ಹಣದುಬ್ಬರದಿಂದ ಧಣಿಗಳಿಗೆ ಲಾಭವೇ?" ಕೂಲಿಯು ಬೆಲೆಯ ಹಿಂದೆ ಕುಂಟುತ್ತಾ ಬರುತ್ತದೆಂಬುದು, ಆ ಅಂತರ ಯಾರ ಜೇಬಿಗೆ ಸೇರುತ್ತದೆಂಬುದು, ಅಕ್ಕಿ-ಉದ್ದಿನ ಬೆಲೆ ಏರಿದ ಧಣಿಗೂ ಪೂರ್ತಿ ಲಾಭವೇಕೆ ಇಲ್ಲವೆಂಬುದು ಎಲ್ಲವೂ ಆ ಪ್ರಶ್ನೆಯೊಳಗಿತ್ತು. ಅದೇ ಬೆಳಗ್ಗೆ ನಾನು ಇಂಗ್ಲಿಷಿನಲ್ಲಿ ಬರೆಯಿಸಿದ್ದ 'ನಿಶ್ಚಿತ ವರಮಾನದ ವರ್ಗಗಳ ಮೇಲೆ ಹಣದುಬ್ಬರದ ಪರಿಣಾಮ' ಎಂಬ ನಾಲ್ಕು ಸಾಲು ಅವನನ್ನೇ ಕುರಿತದ್ದು. ಅದು ಅವನಿಗೂ ತಿಳಿದಿರಲಿಲ್ಲ, ಬರೆಯಿಸಿದ ನನಗೂ ಹೊಳೆದಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಅರ್ಧ ಗಂಟೆ ಮಾತನಾಡಿದೆವು. ತರಗತಿಯಲ್ಲಿಯೇ ಏಕೆ ಕೇಳಲಿಲ್ಲವೆಂದೆ. "ಅದು ಪರೀಕ್ಷೆಗೆ ಬರುವುದಿಲ್ಲವಲ್ಲ ಸರ್" ಎಂದ.

ಅವನ ಉತ್ತರದಲ್ಲಿ ತಪ್ಪಿರಲಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದೇ ಪರೀಕ್ಷೆ ನಡೆಸುವುದಕ್ಕಾಗಿ. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪಿತವಾದ ಈ ಸಂಸ್ಥೆಗಳು ಕಾಲೇಜುಗಳನ್ನು ಸಂಯೋಜಿಸಿಕೊಂಡವು, ಪರೀಕ್ಷೆ ಮಾಡಿದವು, ಪದವಿ ಕೊಟ್ಟವು. ಕಲಿಸುವ ಹೊಣೆ ಅವುಗಳದಾಗಿರಲಿಲ್ಲ. 1904ರ ಕಾಯಿದೆ ಬೋಧನೆಗೂ ಅವಕಾಶ ನೀಡಿತಾದರೂ ಸಂಯೋಜಿತ ಕಾಲೇಜಿನ ಅಧ್ಯಾಪಕನ ಸ್ಥಾನ ಬದಲಾಗಲಿಲ್ಲ. ಪಠ್ಯಕ್ರಮ ಯಾರೋ ಗೊತ್ತುಮಾಡುತ್ತಾರೆ, ಪ್ರಶ್ನೆಪತ್ರಿಕೆ ಮತ್ತಾರೋ ತೆಗೆಯುತ್ತಾರೆ, ಉತ್ತರಪತ್ರಿಕೆಯನ್ನು ಮೂರನೆಯವರು ನೋಡುತ್ತಾರೆ. ನಡುವೆ ನಿಂತ ಅಧ್ಯಾಪಕ ಅಂಚೆಯವನಂತೆ ಲಕೋಟೆ ತಲುಪಿಸಿದರೆ ಸಾಕು. ಅಪರಿಚಿತ ಪರೀಕ್ಷಕನ ಮನಸ್ಸು ಊಹಿಸಿ ಸಿದ್ಧ ಉತ್ತರ ಬರೆಯಿಸುವವನೇ ಒಳ್ಳೆಯ ಅಧ್ಯಾಪಕನೆನಿಸಿಕೊಂಡ. ಅದೇ ಕೆಲಸವನ್ನು ಅಗ್ಗವಾಗಿ ಮಾಡಿಕೊಡುವ ಗೈಡುಗಳು ಬಂದಾಗ ಅವನೂ ಅನಗತ್ಯವಾದ. ರಾಧಾಕೃಷ್ಣನ್ ಆಯೋಗ 1949ರ ವರದಿಯಲ್ಲಿಯೇ, ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಪರೀಕ್ಷೆಯ ಸುಧಾರಣೆಯನ್ನೇ ಸೂಚಿಸುವೆವೆಂದು ಸ್ಪಷ್ಟವಾಗಿ ಹೇಳಿತ್ತು. ನಾವು ಸುಧಾರಿಸಿದ್ದು ಪರೀಕ್ಷೆಯ ಯಂತ್ರವನ್ನು. 2017ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಉತ್ತರಪತ್ರಿಕೆಗಳನ್ನು ಗಣಕದ ತೆರೆಯ ಮೇಲೆ ತಿದ್ದಿಸಹೋಗಿ ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು, ಕುಲಪತಿಗಳೇ ಹುದ್ದೆ ಕಳೆದುಕೊಂಡರು. ಆ ಗದ್ದಲದಲ್ಲಿ ಪತ್ರಿಕೆ ಯಾವಾಗ ತಿದ್ದಿಯಾದೀತೆಂದು ಎಲ್ಲರೂ ಕೇಳಿದರು. ಕಲಿಸದವರು ಅದನ್ನು ಏಕೆ ತಿದ್ದಬೇಕೆಂದು ಕೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನು ಸಣ್ಣದೊಂದು ಲೆಕ್ಕ. ನನ್ನ ತರಗತಿಯಲ್ಲಿ 120 ಮಂದಿ. ಒಂದು ಪೀರಿಯಡ್ಡಿಗೆ 48 ನಿಮಿಷ. ನಾನು ತುಟಿ ಬಿಚ್ಚದೆ ಕುಳಿತರೂ ತಲೆಗೆ 24 ಸೆಕೆಂಡು! ಹಾಜರಿ ಕೂಗುವುದರಲ್ಲಿಯೇ ಎಂಟು ನಿಮಿಷ ಕಳೆಯುತ್ತಿತ್ತು. ಇಂತಹ ಕೊಠಡಿಯಲ್ಲಿ 'ಪರಸ್ಪರ ಸಂವಾದ' ನಡೆಯಬೇಕೆಂದು ಸುತ್ತೋಲೆ ಕಳಿಸುವವರು ಆ ಕೊಠಡಿಯನ್ನು ಒಮ್ಮೆ ಪ್ರವೇಶಿಸಿ ನೋಡಬೇಕಿತ್ತು.

ಸುಧಾರಣೆಗಳೇ ನಡೆದಿಲ್ಲವೆಂದು ಹೇಳಲಾಗದು; ಬೇಕಾದಷ್ಟು ನಡೆದಿವೆ. 1986ರ ಶಿಕ್ಷಣ ನೀತಿಯನ್ನನುಸರಿಸಿ ಅಧ್ಯಾಪಕರ ತರಬೇತಿಗೆಂದೇ ಕೇಂದ್ರಗಳು ತೆರೆದವು. ಅಂತಹ ಒಂದು ಪುನಶ್ಚೇತನ ಶಿಬಿರದಲ್ಲಿ, ಭಾಷಣ ಪದ್ಧತಿಯನ್ನು ಏಕೆ ಕೈಬಿಡಬೇಕೆಂಬ ವಿಷಯವಾಗಿ ಮೂರು ಗಂಟೆಗಳ ಭಾಷಣವನ್ನು ನಾನು ಮೌನವಾಗಿ ಕೇಳಿದೆ. ಕೊನೆಗೆ ಸಂದೇಹಗಳಿವೆಯೇ ಎಂದಾಗ ನಾವೆಲ್ಲ ಬೆಂಚು ನೋಡಿದೆವು. 1994ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿ ಸ್ಥಾಪಿತವಾದ ನ್ಯಾಕ್ ಮೌಲ್ಯಾಂಕನ ಆರಂಭಿಸಿದ ಮೇಲೆ, ತಂಡ ಬರುವ ಮುನ್ನ ಗೋಡೆಗಳು ಸುಣ್ಣ ಕಂಡವು, ಕಡತಗಳು ಬೆಳೆದವು. 2010ರ ಯುಜಿಸಿ ನಿಯಮಾವಳಿ ಬಡ್ತಿಗೆ ಅಂಕಗಳನ್ನು ನಿಗದಿಪಡಿಸಿದಾಗ ಅಧ್ಯಾಪಕರು ವಿಚಾರ ಸಂಕಿರಣಗಳ ಪ್ರಮಾಣಪತ್ರಗಳ ಬೆನ್ನು ಹತ್ತಿದರು. ಮೆಟ್ಟಿಲ ಮೇಲಿನ ಅರ್ಧ ಗಂಟೆಗೆ ಯಾವ ನಮೂನೆಯಲ್ಲೂ ಕಲಮು ಇರಲಿಲ್ಲ. ಜೊತೆಗೆ, ಇಂದು ಮಹಾರಾಷ್ಟ್ರದಲ್ಲಿ ಗಂಟೆ ಲೆಕ್ಕದ ಮೇಲೆ, ಕರ್ನಾಟಕದಲ್ಲಿ 'ಅತಿಥಿ' ಎಂಬ ಹೆಸರಿನಲ್ಲಿ ದುಡಿಯುವ ಉಪನ್ಯಾಸಕರ ದೊಡ್ಡ ಪಡೆಯೇ ಇದೆ. ಎರಡು ಕಾಲೇಜುಗಳ ನಡುವೆ ಲೋಕಲ್ ರೈಲಿನಲ್ಲಿ ಓಡುವ ತರುಣಿಯನ್ನು, ಪಾಠದ ನಂತರ ಹುಡುಗರೊಡನೆ ಏಕೆ ನಿಲ್ಲಲಿಲ್ಲವೆಂದು ಕೇಳಲು ನನಗಂತೂ ನಾಚಿಕೆಯಾಗುತ್ತದೆ.

ಭಾಷೆಯ ಮಾತು ಹೊರನಾಡಿನವರಾದ ನಮಗೆ ಇನ್ನೂ ಹತ್ತಿರದ್ದು. ಮುಂಬಯಿಯ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದಿದವರು ಕಾಲೇಜಿಗೆ ಬಂದೊಡನೆ ಇಂಗ್ಲಿಷಿನ ನೀರಿಗೆ ಬೀಳುತ್ತಾರೆ. ಅವರಿಗೆ ವಿಷಯ ತಿಳಿಯುವುದಿಲ್ಲವೆಂದು ನಾವು ಭಾವಿಸುತ್ತೇವೆ. ತಿಳಿದರೂ, ವ್ಯಾಕರಣ ತಪ್ಪಿದರೆ ನಕ್ಕಾರೆಂಬ ಹೆದರಿಕೆಯಿಂದ ಅವರು ಕೈ ಎತ್ತುವುದಿಲ್ಲ. ಪ್ರಶ್ನೆಯನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕನ್ನಡದಲ್ಲೋ ಕೇಳಿ ಎಂದು ನಾನು ಹೇಳಲಾರಂಭಿಸಿದ್ದು ನಿವೃತ್ತಿಗೆ ಆರು ವರ್ಷವಿದ್ದಾಗ. ನನಗೆ ಅರ್ಥವಾಗದ್ದನ್ನು ಪಕ್ಕದ ಹುಡುಗ ತಿಳಿಸಿಕೊಡುತ್ತಿದ್ದ. ಅದಕ್ಕೂ ಮುಂಚಿನ ಮೌನಕ್ಕೆ ನಾನೇ ಹೊಣೆ.

ಇಲ್ಲಿಗೆ ಬಂದೊಡನೆ ಹಿರಿಯರು ಕೆಲವರು ಗುರುಕುಲವನ್ನು ನೆನೆಯುತ್ತಾರೆ. ಯಾರಿಗೆ ಬಾಗಿಲು ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬ ವಿಚಾರ ಏಕಲವ್ಯನ ಕಥೆ ಬಲ್ಲವರಿಗೆ ಗೊತ್ತು. ಆದರೂ ಪ್ರಶ್ನೋಪನಿಷತ್ತಿನ ಪಿಪ್ಪಲಾದನನ್ನು ಒಂದು ಕಾರಣಕ್ಕೆ ನೆನೆಯಬಹುದು: ಆರು ಮಂದಿ ಪ್ರಶ್ನೆ ಹೊತ್ತು ಬಂದಾಗ ಒಂದು ವರ್ಷ ತನ್ನೊಡನಿರಲು ಹೇಳಿ, ಆಮೇಲೆ ಕೇಳಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎಂದನಾತ. 'ತಿಳಿದಿದ್ದರೆ' ಎಂಬ ಆ ಮಾತು ನಮ್ಮ ಬೋಧನಾಪೀಠಗಳಿಂದ ಕೇಳಿಬರುವುದಿಲ್ಲ. ಬರೆಯಿಸುವ ಅಧ್ಯಾಪಕನಿಗೆ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಿಸುವ ಅಪಾಯವೇ ಇಲ್ಲ. ನಾನು ಮೊದಲು ಹೇಳಿದ ಅನುಕೂಲ ಇದೇ.

ಪಠ್ಯಭಾಗ ಮುಗಿಯುವುದಿಲ್ಲವೆಂಬ ಆಕ್ಷೇಪ ಬರುತ್ತದೆ. ಮುಗಿಯದಿರಲಿ. ಪಠ್ಯಕ್ರಮದ ಮೂರನೆಯ ಒಂದು ಭಾಗವನ್ನು ಕಡಿದು ಹಾಕಿದರೆ ದೇಶಕ್ಕೇನೂ ನಷ್ಟವಿಲ್ಲ. ಆ ಸಮಯದಲ್ಲಿ ಹದಿನೈದು ಹದಿನೈದು ಮಂದಿಯ ಗುಂಪುಗಳು ವಾರಕ್ಕೊಮ್ಮೆ ಅಧ್ಯಾಪಕನೆದುರು ಕುಳಿತುಕೊಳ್ಳಲಿ. ಕಲಿಸಿದವನೇ ಪ್ರಶ್ನೆ ತೆಗೆಯಲಿ, ತಿದ್ದಿದ ಪತ್ರಿಕೆಯನ್ನು ವಿದ್ಯಾರ್ಥಿಯ ಕೈಗೆ ಮರಳಿಸಿ ತಪ್ಪೇನೆಂದು ಹೇಳಲಿ. ಪಕ್ಷಪಾತ ನಡೆದೀತೆನ್ನುವವರ ಭಯ ನಿರಾಧಾರವಲ್ಲ. ಆಂತರಿಕ ಅಂಕಗಳನ್ನು ಧಾರಾಳವಾಗಿ ಹಂಚಿದ ಕಾಲೇಜುಗಳನ್ನು ಬಲ್ಲೆ. 1978ರಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಸ್ವಾಯತ್ತ ಕಾಲೇಜುಗಳ ಪ್ರಯೋಗ ಹರಡಿದ ಮೇಲೂ ಎಷ್ಟೋ ಕಡೆ ಹಳೆಯ ಪ್ರಶ್ನೆಪತ್ರಿಕೆಯೇ ಹೊಸ ಮುದ್ರೆ ಹೊತ್ತು ಬಂತು. ಪತ್ರಿಕೆಯನ್ನು ಬಹಿರಂಗವಾಗಿ ಮರಳಿಸುವುದೇ ಇದಕ್ಕೆ ಪರಿಹಾರ. ಗುಟ್ಟಿನಲ್ಲಿ ಕೊಟ್ಟ ಅಂಕಕ್ಕೆ ಕಾರಣ ಹೇಳಬೇಕಾಗಿಲ್ಲ, ಎದುರಿಗೆ ಕೊಟ್ಟದ್ದಕ್ಕೆ ಹೇಳಬೇಕಾಗುತ್ತದೆ.

ಸರಕಾರದ ಆದೇಶಕ್ಕಾಗಿ ಕಾಯದೆ ನಾವು ಮಾಡಬಹುದಾದ ಕೆಲಸವೂ ಒಂದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರುಗಳ ಬೆವರಿನಿಂದ ಮುಂಬಯಿಯ ಕನ್ನಡ ಸಂಸ್ಥೆಗಳು ಬೆಳೆದವು. ಈಗ ನಾವು ಪ್ರತಿವರ್ಷ ಶೇಕಡಾ ತೊಂಬತ್ತು ಪಡೆದವರನ್ನು ವೇದಿಕೆಗೆ ಕರೆದು ಶಾಲು ಹೊದೆಸುತ್ತೇವೆ, ಅಂದರೆ ಅದೇ ಪರೀಕ್ಷಾ ಯಂತ್ರಕ್ಕೆ ಹಾರ ಹಾಕುತ್ತೇವೆ. ಆ ಹಣದಲ್ಲಿ ಅರ್ಧವನ್ನಾದರೂ ತೆಗೆದಿಟ್ಟು, ಭಾನುವಾರದ ಬೆಳಗು ಸಂಘದ ಸಭಾಗೃಹವನ್ನು ಮೊದಲ ವರ್ಷದ ಕಾಲೇಜು ವಿದ್ಯಾರ್ಥಿಗಳಿಗೆ ತೆರೆಯಬಾರದೇಕೆ? ನಮ್ಮ ಸದಸ್ಯರಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಬ್ಯಾಂಕಿನವರಿದ್ದಾರೆ. ಟಿಪ್ಪಣಿ ಬರೆಯಿಸುವುದು ನಿಷಿದ್ಧ, ಪ್ರಶ್ನೆ ವಿದ್ಯಾರ್ಥಿಯದು, ಭಾಷೆ ಅವನಿಗೆ ಬಂದದ್ದು: ಇಷ್ಟೇ ನಿಯಮಗಳು. ಒಂದು ಕರಿಹಲಗೆ, ಇಪ್ಪತ್ತು ಕುರ್ಚಿ, ಚಹಾ ಸಾಕು. ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕು. ಅರ್ಥಶಾಸ್ತ್ರಕ್ಕೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.